ಮೊದಲು ಎರಡಡಿ, ಆಮೇಲೆ ಇಪ್ಪತ್ತು

ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಗೆಳೆಯರೊಡನೆ ಜಿಂಕೆ ಬೇಟೆಗೆ ಲೈಸೆನ್ಸ್ ಮಾಡಿಸಿಕೊಂಡಿರುವ ನಮ್ಮ ಮಕ್ಕಳಿಗೆ ಒಂದು ಮಾತು. ಮರದಲ್ಲಿ ಅಟ್ಟಣೆ ಕಟ್ಟುವ ಬದಲು ಸೊಂಟಕ್ಕೆ ಸ್ಯಾಡಲ್ ಎಂಬ ಪಟ್ಟಿ ಬಿಗಿದು, ಹಗ್ಗದ ಆಸರೆಯಲ್ಲಿ ಒರಗಿ ಕೂರುವವರು ಈಗ ಹೆಚ್ಚಿದ್ದಾರೆ. ಸಾಮಾನು ಹಗುರ, ಕಾಡೊಳಗೆ ದೂರ ನಡೆಯಬಹುದು, ನಿಜ. ಆದರೆ ಇವತ್ತು ಪೊಟ್ಟಣ ಬಿಚ್ಚಿ, ನಾಳೆ ನಸುಕಿನ ಕತ್ತಲಲ್ಲೇ ಇಪ್ಪತ್ತು ಅಡಿ ಹತ್ತಲು ಹೋಗಬೇಡಿ.

ಹಗಲಲ್ಲಿ, ಮನೆ ಹಿತ್ತಲಲ್ಲಿ, ನೆಲದಿಂದ ಒಂದೆರಡು ಅಡಿ ಮೇಲೆ ನಿಂತು ಮೊದಲು ಪಳಗಿ. ಮರಕ್ಕೆ ಕಟ್ಟುವ ಟೆದರ್ ಹಗ್ಗ ತಲೆಯ ಮಟ್ಟಕ್ಕಿರಲಿ, ಸಡಿಲ ಬಿಡಬೇಡಿ. ಅದು ಅಷ್ಟಾಗಿ ಹಿಗ್ಗುವ ಹಗ್ಗವಲ್ಲ. ಸಡಿಲಿದ್ದಾಗ ಕಾಲು ಜಾರಿದರೆ ಏಟೆಲ್ಲ ಸೊಂಟಕ್ಕೆ, ಬೆನ್ನಿಗೆ. ಹತ್ತುವಾಗ, ಇಳಿಯುವಾಗ ಒಂದು ಹಗ್ಗ ಮರವನ್ನು ಬಳಸಿಯೇ ಇರಬೇಕು. ಕೊಂಬೆ ಅಡ್ಡ ಬಂತೇ? ಎರಡನೆಯ ಹಗ್ಗವನ್ನು ಕೊಂಬೆಗಿಂತ ಮೇಲೆ ಮರಕ್ಕೆ ಬಿಗಿದ ನಂತರವೇ ಮೊದಲನೆಯದನ್ನು ಬಿಚ್ಚಿ. ಚಳಿಗಾಲದ ದಪ್ಪ ಗ್ಲೌಸ್ ತೊಟ್ಟು ಹಗ್ಗದ ಲೋಹದ ಕೊಂಡಿ, ಅಂದರೆ ಕ್ಯಾರಬಿನರ್ ತೆರೆದು ಮುಚ್ಚುವುದನ್ನೂ ರೂಢಿಸಿಕೊಳ್ಳಿ. ಮರ ಹತ್ತಲು ಕಾಂಡಕ್ಕೆ ಕಟ್ಟುವ ಮೆಟ್ಟಿಲುಗಳಾದ ಸ್ಟಿಕ್‌ಗಳಲ್ಲಿ ಒಂದನ್ನು ತೂಕ ಉಳಿಸಲೆಂದು ಬಿಟ್ಟು ಹೋಗುವುದು ನನಗಂತೂ ಸರಿಕಾಣದು. ಹೆಜ್ಜೆ ಹೆಜ್ಜೆಗೂ ಕಾಲು ಚಾಚಬೇಕಾಗುತ್ತದೆ.

ಮರವನ್ನೂ ನೋಡಿ ಆರಿಸಿ. 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾದ ಹಸಿರು ಕೊರಕ ಹುಳು ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ನೆಟ್ಟಗೆ ನಿಂತಿದ್ದರೂ ಅವು ಒಣಮರಗಳು. ತೊಗಟೆ ಉದುರುತ್ತಿದ್ದರೆ ಸ್ಟಿಕ್ ಕಟ್ಟಲೇಬೇಡಿ.

ಬಿಲ್ಲು ಹೆಗಲಿಗೇರಿಸಿ ಹತ್ತದೆ, ಮೇಲೆ ಭದ್ರವಾಗಿ ಕೂತ ಮೇಲೆ ದಾರದಲ್ಲಿ ಎಳೆದುಕೊಳ್ಳಿ. ಯಾವ ಕಡೆಯ ಮರ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಮನೆಯವರಿಗೆ ತಿಳಿಸಿಯೇ ಹೊರಡಿ.