ನಡೆದು ಹೋಗುವವರ ಹಕ್ಕು: ಪಾದಚಾರಿ ಅಪಘಾತದಲ್ಲಿ ಹೊಣೆ ಮತ್ತು ಪರಿಹಾರ

ಪಾದಚಾರಿಗೆ ವಾಹನ ಬಡಿದ ಪ್ರಕರಣಗಳಲ್ಲಿ ಚಾಲಕನ ಕಡೆಯಿಂದ ಮೊದಲು ಕೇಳಿಬರುವ ಸಮಜಾಯಿಷಿಯೆಂದರೆ, ನಡೆಯುತ್ತಿದ್ದವರೇ ಅಡ್ಡ ಬಂದರು ಎಂಬುದು. ಠಾಣೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಕೊನೆಗೆ ವಿಮಾ ಕಂಪನಿಯ ಆಕ್ಷೇಪಣೆಯಲ್ಲಿಯೂ ಇದೇ ಮಾತು ಮರುಕಳಿಸುವುದರಿಂದ, ಗಾಯಾಳುವಿನ ಮನೆಯವರು ತಪ್ಪು ತಮ್ಮದೇ ಎಂದು ನಂಬಿ, ಆಸ್ಪತ್ರೆಯ ಬಿಲ್ಲಿಗೆ ಸಾಲುವಷ್ಟು ಹಣಕ್ಕೆ ರಾಜಿಯಾಗಿ ಸುಮ್ಮನಾಗುವುದುಂಟು. ಕಾನೂನು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಒಂದೇ ಅಪಘಾತದಿಂದ ಎರಡು ಬೇರೆ ಬೇರೆ ಪ್ರಕರಣಗಳು ಹುಟ್ಟುತ್ತವೆ. ಮೊದಲನೆಯದು ಚಾಲಕನ ಮೇಲಿನ ಕ್ರಿಮಿನಲ್ ಮೊಕದ್ದಮೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ದುಡುಕಿನ ಚಾಲನೆಗೂ, 125ನೇ ಕಲಂ ಗಾಯಕ್ಕೂ, 106(1)ನೇ ಕಲಂ ನಿರ್ಲಕ್ಷ್ಯದಿಂದಾದ ಸಾವಿಗೂ ಅನ್ವಯಿಸುತ್ತವೆ. ಕೊನೆಯದಕ್ಕೆ ಐದು ವರ್ಷಗಳವರೆಗೆ ಸಜೆಯುಂಟು. ಎರಡನೆಯದು 1988ರ ಮೋಟಾರು ವಾಹನಗಳ ಕಾಯ್ದೆಯ ಅಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹೂಡುವ ಪರಿಹಾರದ ಅರ್ಜಿ. ಕ್ರಿಮಿನಲ್ ಪ್ರಕರಣದಲ್ಲಿ ಆರೋಪವು ಸಂಶಯಾತೀತವಾಗಿ ಸಾಬೀತಾಗಬೇಕು; ನ್ಯಾಯಮಂಡಳಿಯಲ್ಲಾದರೋ ಘಟನೆ ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ಮನವರಿಕೆಯಾದರೆ ಸಾಕು. ಆದುದರಿಂದ ಚಾಲಕನು ಕ್ರಿಮಿನಲ್ ನ್ಯಾಯಾಲಯದಲ್ಲಿ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಹಕ್ಕು ಅಳಿಯುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1980ರಷ್ಟು ಹಿಂದೆಯೇ ಎತ್ತಿಹಿಡಿದಿದೆ.

ಹಣ ಕೊಡಬೇಕಾದವರು ಯಾರು? ತಪ್ಪು ಚಾಲಕನದಾದರೂ ಹೊಣೆ ಮಾಲೀಕನನ್ನೂ ತಟ್ಟುತ್ತದೆ, ವಿಮೆಯಿದ್ದರೆ ಭಾರವನ್ನು ವಿಮಾ ಕಂಪನಿ ಹೊರುತ್ತದೆ. ಥರ್ಡ್ ಪಾರ್ಟಿ ವಿಮೆ, ಅಂದರೆ ವಿಮೆಯ ಕರಾರಿನಲ್ಲಿ ಪಾಲುದಾರನಲ್ಲದ ಹೊರಗಿನವನಿಗೆ ಆದ ಹಾನಿಯನ್ನು ತುಂಬಿಕೊಡುವ ವಿಮೆ, ಕಾಯ್ದೆಯ 146ನೇ ಕಲಮಿನ ಪ್ರಕಾರ ಕಡ್ಡಾಯವಾಗಿದ್ದು, ಪಾದಚಾರಿಯು ಯಾವ ತಕರಾರಿಗೂ ಎಡೆಯಿಲ್ಲದಂತೆ ಈ ಹೊರಗಿನವನೇ ಆಗಿರುತ್ತಾನೆ. ಚಾಲಕನ ಲೈಸೆನ್ಸ್ ಸರಿಯಿಲ್ಲದಿದ್ದಾಗ ಕಂಪನಿಯು ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು, ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸುವ ಕ್ರಮ 2004ರ ಸ್ವರಣ್ ಸಿಂಗ್ ತೀರ್ಪಿನಿಂದ ನೆಲೆಗೊಂಡಿದೆ. ವಾಹನವನ್ನು ಮಾರಿಯೂ ಆರ್‌ಸಿಯಲ್ಲಿ ಹೆಸರು ಬದಲಾಯಿಸದವರು ಇಲ್ಲಿ ಎಚ್ಚರ ವಹಿಸಬೇಕು. 2018ರ ನವೀನ್ ಕುಮಾರ್ ತೀರ್ಪಿನಂತೆ, ದಾಖಲೆಯಲ್ಲಿ ಹೆಸರಿರುವವನೇ ಕಾನೂನಿನ ಕಣ್ಣಿಗೆ ಮಾಲೀಕ.

ಇನ್ನು ಅಡ್ಡ ಬಂದರೆಂಬ ವಾದ. ಅಪಘಾತಕ್ಕೆ ಗಾಯಗೊಂಡವರ ಅಜಾಗರೂಕತೆಯೂ ಒಂದು ಪಾಲು ಕಾರಣವಾಗಿದ್ದರೆ ಅದನ್ನು ಸಹ ನಿರ್ಲಕ್ಷ್ಯ ಎನ್ನುತ್ತಾರೆ. ಅದು ರುಜುವಾತಾದಾಗ ಪರಿಹಾರ ಪೂರ್ತಿ ತಪ್ಪಿಹೋಗದೆ, ಆ ಪಾಲಿನಷ್ಟು ಮಾತ್ರ ಕಡಿತವಾಗುತ್ತದೆ. ಅದನ್ನು ರುಜುವಾತುಪಡಿಸುವ ಹೊರೆ ಹಾಗೆ ಆರೋಪಿಸುವ ಚಾಲಕ, ಮಾಲೀಕ ಅಥವಾ ಕಂಪನಿಯ ಮೇಲಿರುತ್ತದೆ. ಚಿಕ್ಕ ಮಕ್ಕಳ ಮೇಲೆ ಈ ದೋಷವನ್ನು ಹೊರಿಸಲು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. 2017ರ ಚಾಲನಾ ನಿಯಮಗಳು ಜೀಬ್ರಾ ಪಟ್ಟಿಯ ಬಳಿ ವೇಗ ತಗ್ಗಿಸಿ, ದಾಟುವವರಿಗೆ ದಾರಿ ಬಿಡುವ ಕರ್ತವ್ಯವನ್ನು ಚಾಲಕನಿಗೇ ವಿಧಿಸಿವೆ. ಫುಟ್‌ಪಾತ್ ಇಲ್ಲದ, ಇದ್ದರೂ ಟ್ರಾನ್ಸ್‌ಫಾರ್ಮರ್, ಅಂಗಡಿ ಸಾಮಾನು, ನಿಲ್ಲಿಸಿದ ಬೈಕುಗಳಿಂದ ತುಂಬಿದ ರಸ್ತೆಯಲ್ಲಿ ಅಂಚು ಹಿಡಿದು ನಡೆದದ್ದನ್ನೇ ತಪ್ಪೆನ್ನುವುದು ನ್ಯಾಯಕ್ಕೂ ಲೋಕಾನುಭವಕ್ಕೂ ಒಪ್ಪುವ ಮಾತಲ್ಲ. ಬಳಸಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿರುವುದು ಈ ನಿಲುವಿಗೆ ಬಲ ಕೊಡುತ್ತದೆ.

ಸಹ ನಿರ್ಲಕ್ಷ್ಯದ ಕಡಿತ ಎಷ್ಟು ಭಾರವಾಗಬಲ್ಲದೆಂಬುದು ಲೆಕ್ಕ ಹಾಕಿದಾಗ ತಿಳಿಯುತ್ತದೆ. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ 38 ವರ್ಷದ ಸ್ವಂತ ಉದ್ಯೋಗಿಯೊಬ್ಬ ತಾಯಿ, ಹೆಂಡತಿ, ಇಬ್ಬರು ಮಕ್ಕಳನ್ನು ಬಿಟ್ಟು ಮೃತಪಟ್ಟನೆಂದು ಇಟ್ಟುಕೊಳ್ಳಬಹುದು. 2017ರ ಪ್ರಣಯ್ ಸೇಠಿ ತೀರ್ಪಿನಂತೆ, 40 ವರ್ಷದೊಳಗಿನ ಸ್ವಂತ ಉದ್ಯೋಗಿಯ ಆದಾಯಕ್ಕೆ ಮುಂದಿನ ಏರಿಕೆಯ ಲೆಕ್ಕದಲ್ಲಿ ಶೇ. 40 ಸೇರಿಸಿದಾಗ ಅದು 21,000 ಆಗುತ್ತದೆ. ಅವಲಂಬಿತರು ನಾಲ್ವರಿರುವುದರಿಂದ ಮೃತನ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಭಾಗ ಕಳೆದರೆ 15,750 ಉಳಿದು, ವರ್ಷಕ್ಕೆ 1,89,000 ಆಗುತ್ತದೆ. 2009ರ ಸರಳಾ ವರ್ಮಾ ತೀರ್ಪು ವಯಸ್ಸಿಗೆ ತಕ್ಕಂತೆ ಗೊತ್ತುಮಾಡಿದ ಗುಣಕ, ಅಂದರೆ ವಾರ್ಷಿಕ ನಷ್ಟವನ್ನು ಗುಣಿಸಬೇಕಾದ ಸಂಖ್ಯೆ, 36ರಿಂದ 40 ವರ್ಷದವರಿಗೆ 15 ಆಗಿರುವುದರಿಂದ ಅವಲಂಬನೆಯ ನಷ್ಟ 28,35,000 ರೂಪಾಯಿಗೆ ನಿಲ್ಲುತ್ತದೆ. ಅಂತ್ಯಕ್ರಿಯೆ, ಆಸ್ತಿ ನಷ್ಟ, ಕುಟುಂಬದ ಆಸರೆ ತಪ್ಪಿದ ನಷ್ಟಗಳಿಗೆ ಸಲ್ಲುವ ಮೊತ್ತಗಳು ಬೇರೆ. ಮೃತನ ಮೇಲೆ ಶೇ. 20ರ ನಿರ್ಲಕ್ಷ್ಯ ಹೊರಿಸಿದರೆ ಅವಲಂಬನೆಯ ನಷ್ಟವೊಂದರಲ್ಲಿಯೇ 5,67,000 ರೂಪಾಯಿ ಮನೆಯವರ ಕೈತಪ್ಪುತ್ತದೆ.

ಗಾಯದ ಪ್ರಕರಣದಲ್ಲಿ ವೈದ್ಯರು ಹೇಳುವ ಅಂಗವೈಕಲ್ಯದ ಶೇಕಡಾವಾರು ಪ್ರಮಾಣಕ್ಕಿಂತ, ಅದರಿಂದ ದುಡಿಮೆಯ ಶಕ್ತಿ ಎಷ್ಟು ಕುಗ್ಗಿತೆಂಬುದು ಮುಖ್ಯ. ಒಂದೇ ಬಗೆಯ ಕಾಲಿನ ಊನ ಗಾರೆ ಕೆಲಸದವನಿಗೂ ಗುಮಾಸ್ತನಿಗೂ ಒಂದೇ ಅಲ್ಲ. ಸಂಬಳವಿಲ್ಲದ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂಬುದು 2021ರ ಕೀರ್ತಿ ತೀರ್ಪಿನಲ್ಲಿ ಸ್ಪಷ್ಟವಾಗಿದೆ. ಆದಾಯಕ್ಕೆ ದಾಖಲೆಯಿಲ್ಲದ ಕೂಲಿಕಾರರ ವಿಷಯದಲ್ಲಿ, ಕರ್ನಾಟಕದ ನ್ಯಾಯಾಲಯಗಳು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವು ಅಪಘಾತದ ವರ್ಷಕ್ಕೆ ಅನುಗುಣವಾಗಿ ಸಿದ್ಧಪಡಿಸಿದ ಕಾಲ್ಪನಿಕ ಆದಾಯದ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತವೆ.

ಇವೆಲ್ಲಕ್ಕೂ ಬುನಾದಿ ಮೊದಲ ಕೆಲವು ದಿನಗಳ ಕಾಗದಪತ್ರಗಳು: ಎಫ್‌ಐಆರ್, ಸ್ಥಳದ ಮಹಜರು ಮತ್ತು ನಕ್ಷೆ, ಗಾಯದ ಪ್ರಮಾಣಪತ್ರ, ಮೋಟಾರು ವಾಹನ ನಿರೀಕ್ಷಕರ ವರದಿ, ಕೊನೆಗೆ ದೋಷಾರೋಪ ಪಟ್ಟಿ. ವಾಹನ ಬಡಿದ ಜಾಗವು ರಸ್ತೆಯ ಅಂಚಿನಿಂದ ಎಷ್ಟು ಅಡಿ ದೂರವಿತ್ತೆಂಬುದು ನಕ್ಷೆಯಲ್ಲಿ ತಪ್ಪಾಗಿ ದಾಖಲಾದರೆ ಅದನ್ನು ಮುಂದೆ ಅಳಿಸುವುದು ಕಷ್ಟ. ಆದುದರಿಂದ ಮಹಜರಿನ ಹೊತ್ತಿಗೆ ಮನೆಯವರಲ್ಲೊಬ್ಬರು ಅಲ್ಲಿರುವುದು ಒಳ್ಳೆಯದು. 2022ರ ತಿದ್ದುಪಡಿ ನಿಯಮಗಳ ಪ್ರಕಾರ ಪೊಲೀಸರು ಮೊದಲ ಅಪಘಾತ ವರದಿಯನ್ನು 48 ಗಂಟೆಯೊಳಗೆ ನ್ಯಾಯಮಂಡಳಿಗೆ ಕಳುಹಿಸಬೇಕು. ಚಿಕಿತ್ಸೆಯ ಮಟ್ಟಿಗೆ, 2025ರ ನಗದುರಹಿತ ಚಿಕಿತ್ಸಾ ಯೋಜನೆಯು ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ಖರ್ಚು ಭರಿಸುತ್ತದೆ.

ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲಿಯೇ ಹೂಡಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೂ ಹೂಡಬಹುದು. 2022ರ ಏಪ್ರಿಲ್ 1ರಿಂದ ಆರು ತಿಂಗಳ ಕಾಲಮಿತಿ ಜಾರಿಯಲ್ಲಿದ್ದು, ಅದರ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದ್ದರೂ, ಮಿತಿಯೊಳಗೇ ಅರ್ಜಿ ಹಾಕುವುದು ಕ್ಷೇಮ. ತಪ್ಪು ಯಾರದೆಂದು ರುಜುವಾತುಪಡಿಸದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯುವ ದಾರಿಯನ್ನು 164ನೇ ಕಲಂ ತೆರೆದಿಟ್ಟಿದೆ. ಆದರೆ ಕಂಪನಿಯೊಂದಿಗಿನ ಇತ್ಯರ್ಥದಲ್ಲಿ ಅದನ್ನು ಒಪ್ಪಿ ಪಡೆದವರ ನ್ಯಾಯಮಂಡಳಿಯ ಅರ್ಜಿ ಕೊನೆಗೊಳ್ಳುವುದರಿಂದ, ಸಹಿ ಹಾಕುವ ಮುನ್ನ ಮೇಲಿನಂಥ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಗುದ್ದಿದ ವಾಹನ ಪತ್ತೆಯಾಗದಿದ್ದಾಗ 161ನೇ ಕಲಮಿನಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ; ಇದಕ್ಕೆ ಕಂದಾಯ ಇಲಾಖೆಯ ತಾಲ್ಲೂಕು ಅಥವಾ ಉಪವಿಭಾಗ ಮಟ್ಟದ ವಿಚಾರಣಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಈ ಮೊತ್ತಕ್ಕೂ ನ್ಯಾಯಮಂಡಳಿಯ ಪರಿಹಾರಕ್ಕೂ ಇರುವ ಅಂತರ ದೊಡ್ಡದಾದ ಕಾರಣ, ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ದೃಶ್ಯಗಳು ಅಳಿಸಿಹೋಗುವ ಮುನ್ನ ಅವನ್ನು ವಶಪಡಿಸಿಕೊಳ್ಳುವಂತೆ ಠಾಣೆಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದಿರಬೇಕು. ಮುಂದೆ ವಾಹನ ಪತ್ತೆಯಾಗಿ ಪೂರ್ಣ ಪರಿಹಾರ ಮಂಜೂರಾದರೆ, ಮೊದಲು ಪಡೆದ ಮೊತ್ತವನ್ನು ಅದರಲ್ಲಿ ಹಿಂದಿರುಗಿಸಬೇಕಾಗುತ್ತದೆ.