ಅಂಗೈಗೆ ಸಿಗುವ ಡೆಂಟು

ಬಾಗೂರಿನ ಕಡೆಯಿಂದ ಚನ್ನರಾಯಪಟ್ಟಣಕ್ಕೋ ಹಾಸನಕ್ಕೋ ಗಾಡಿಯ ಡೆಂಟು ತೆಗೆಯುವ ಟಿಂಕರ್ ಕೆಲಸ ಕಲಿಯಲು ಹೋಗುವ ಹುಡುಗರು ಈಗಲೂ ಇದ್ದಾರೆ. ನಾನೂ ಹಾಗೆ ಹೋದವನೇ. ಬೆಂಗಳೂರು–ಮಂಗಳೂರು ಹೆದ್ದಾರಿ ಇರುವ ತನಕ ಈ ಕೆಲಸಕ್ಕೆ ಬರವಿಲ್ಲ, ಕಲಿಸುವವರಿಗೆ ಪುರುಸೊತ್ತಿಲ್ಲ ಅಷ್ಟೆ. ಅದಕ್ಕೇ ಈ ಎಂಟು ಮಾತು.

1. ಮೊದಲು ಕಾಗದ ಕೇಳಿ. ಅಪ್ರೆಂಟಿಸ್ ಕಾಯ್ದೆ 1961ರಿಂದಲೂ ಇದೆ. ಒಪ್ಪಂದ ನೋಂದಣಿಯಾದರೆ ಸ್ಟೈಪೆಂಡ್ ಉಂಟು, ಕೊನೆಗೆ ಪ್ರಮಾಣಪತ್ರವೂ ಉಂಟು. ಬರೀ ಬಾಯಿಮಾತಿನಲ್ಲಿ ಸೇರಿದರೆ ಕೈಗೆ ಕೆಲಸ ಬರುತ್ತದೆ, ಕಾಗದ ಬರುವುದಿಲ್ಲ. ಐಟಿಐಗಳಲ್ಲಿ ಆಟೊ ಬಾಡಿ ರಿಪೇರಿಗೇ ಬೇರೆ ಟ್ರೇಡ್ ಇದೆ. ಬಸ್ಸಿನ ಬಾಡಿ ಕೆಲಸದ ಮೇಲೆ ಮನಸ್ಸಿದ್ದವರು ಹಾಸನದ ಕೆಎಸ್‌ಆರ್‌ಟಿಸಿ ಪ್ರಾದೇಶಿಕ ಕಾರ್ಯಾಗಾರದಲ್ಲಿ ವಿಚಾರಿಸಿ.

2. ಗಾಡಿ ಬಂದ ಕೂಡಲೇ ಸುತ್ತಿಗೆ ಎತ್ತಬೇಡಿ. ಏಟು ಯಾವ ಕಡೆಯಿಂದ ಬಿತ್ತು, ಮೊದಲು ಬಗ್ಗಿದ್ದು ಯಾವುದು, ಆಮೇಲೆ ಮಡಚಿದ್ದು ಯಾವುದು ಎಂದು ಓದಿಕೊಳ್ಳಿ. ಕೊನೆಗೆ ಮಡಚಿದ್ದನ್ನು ಮೊದಲು ತೆಗೆಯಬೇಕು, ಹಗ್ಗದ ಗಂಟು ಬಿಚ್ಚಿದ ಹಾಗೆ. ಕೊಬ್ಬರಿ ಹೇರಿಕೊಂಡು ತಿಪಟೂರಿಗೆ ಹೊರಟ ಟೆಂಪೊ ಮರಕ್ಕೆ ಗುದ್ದಿದರೆ ಎಲ್ಲರ ಕಣ್ಣೂ ನುಜ್ಜಾದ ಮೂತಿಯ ಮೇಲೇ. ಕಲಿತವನು ಬಾಗಿಲ ಸಂದು ನೋಡುತ್ತಾನೆ, ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತಾನೆ. ಎರಡು ಕರ್ಣಗಳ ಅಳತೆ ಕೂಡಿಬರದಿದ್ದರೆ ಕ್ಯಾಬಿನ್ನೇ ಓರೆಯಾಗಿದೆ. ಅದನ್ನು ಎಳೆದು ಸರಿಮಾಡದೆ ತಗಡು ಬಡಿದರೆ ಮೂರು ದಿನದ ಕೆಲಸ ನೀರುಪಾಲು. ಗಿರಾಕಿ ಸಂಜೆಗೇ ಬೇಕು ಅನ್ನುತ್ತಾನೆ, ಅನ್ನಲಿ.

3. ತಗಡಿನ ಹಿಂದೆ ಹಿಡಿಯುವ ಉಕ್ಕಿನ ಗಟ್ಟಿಯೇ ಡಾಲಿ. ಅದನ್ನು ನೇರ ಸುತ್ತಿಗೆಯ ಏಟಿನಡಿ ಹಿಡಿದರೆ ತಗಡು ಹಿಗ್ಗುತ್ತದೆ. ಆದ್ದರಿಂದ ಡಾಲಿ ತಗ್ಗಿನ ಅಡಿಯಲ್ಲಿರಲಿ, ಸುತ್ತಿಗೆ ಪಕ್ಕದ ಉಬ್ಬಿನ ಮೇಲೆ ಬೀಳಲಿ. ಅತಿಯಾಗಿ ಬಡಿದ ತಗಡು ಒತ್ತಿದರೆ ಒಳಗೆ ಹೋಗಿ ಟಪ್ ಅಂತ ಈಚೆ ಬರುತ್ತದೆ. ಆಗ ನಾಣ್ಯದಗಲ ಕೆಂಪಗೆ ಕಾಸಿ, ಮೆಲ್ಲಗೆ ತಟ್ಟಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸಬೇಕು.

4. ಉಳಿದ ಉಬ್ಬುತಗ್ಗು ಹುಡುಕಲು ಕಣ್ಣಿಗಿಂತ ಅಂಗೈ ನಂಬಿ. ತೆಳು ಬಟ್ಟೆ ಹಾಸಿ, ಬೆರಳಲ್ಲ, ಇಡೀ ಅಂಗೈ ಉದ್ದಕ್ಕೂ ಜಾರಿಸಿ.

5. ಪಟ್ಟಿ (ಪುಟ್ಟಿ) ಬಳಿಯುವುದು ತಗಡಿನ ಕೆಲಸವೆಲ್ಲ ಆದ ಮೇಲೆ. ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಬೇಕಾಯಿತೆಂದರೆ ತಗಡಿನ ಕೆಲಸ ಇನ್ನೂ ಮುಗಿದಿಲ್ಲ. ಹಾರ್ಡನರ್ ನೂರಕ್ಕೆ ಎರಡರಷ್ಟು ಸಾಕು. ಬೇಗ ಒಣಗಲಿ ಎಂದು ಜಾಸ್ತಿ ಸುರಿದರೆ ಬಣ್ಣದಲ್ಲಿ ಕಲೆ ಎದ್ದು ಕಾಣುತ್ತದೆ. ಲಪ್ಪ ಮೆತ್ತಿ ಮುಚ್ಚುವ ಗ್ಯಾರೇಜುಗಳೇನು ಕಮ್ಮಿ ಇಲ್ಲ, ಎರಡು ಮಳೆಗಾಲ ಕಳೆಯಲಿ, ಬಂಡವಾಳ ಬಯಲಾಗುತ್ತದೆ.

6. ಹಳೇ ಅಂಬಾಸಿಡರಿನ ಬುದ್ಧಿ ಈಗಿನ ಕಾರಿಗೆ ನಡೆಯುವುದಿಲ್ಲ. ಎರಡು ಬಾಗಿಲುಗಳ ನಡುವಿನ ಪಿಲ್ಲರ್ ಈಗ ಬಹಳಷ್ಟು ಕಾರುಗಳಲ್ಲಿ ಗಟ್ಟಿ ಜಾತಿಯ ಉಕ್ಕು. ಗ್ಯಾಸಿನಲ್ಲಿ ಕಾಸಿದರೆ ಅದರ ಬಲ ಹೋಗುತ್ತದೆ, ಮುಂದಿನ ಅಪಘಾತದಲ್ಲಿ ಒಳಗಿದ್ದವರನ್ನು ಕಾಯುವುದಿಲ್ಲ. ನಮ್ಮ ಹಿರಿಯ ಮೇಸ್ತ್ರಿಗಳು ಒಪ್ಪಲು ಕಷ್ಟಪಡುವ ಮಾತು ಇದೊಂದೇ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಸೀಟು, ಕಾರ್ಪೆಟ್ಟು ಈಚೆ ತೆಗೆದಿಡಿ.

7. ಪೇಂಟ್ ಹೊಡೆಯುವಾಗ ಮೂಗಿಗೆ ಟವೆಲ್ ಸುತ್ತಿದರೆ ಸಾಲದು. ಹಾರ್ಡನರ್ ಬೆರೆಸುವ ಬಣ್ಣದಲ್ಲಿ ಐಸೊಸೈನೇಟ್ ಇರುತ್ತದೆ, ಉಸಿರಿನಲ್ಲಿ ಒಳಹೋದರೆ ಆಸ್ತಮಾ ಹತ್ತಿಸುತ್ತದೆ. ಕನಿಷ್ಠ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಮಾಲೀಕ ಕೊಡದಿದ್ದರೆ ಮೊದಲ ಸಂಬಳದಲ್ಲಿ ನೀವೇ ಕೊಳ್ಳಿ.

8. ಗಾಡಿ ಒಪ್ಪಿಸುವ ಮುನ್ನ ಬಿಸಿಲಿಗೆ ತನ್ನಿ. ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಹೊಂದಿದ ಬಣ್ಣ ಬಿಸಿಲಿನಲ್ಲಿ ಬೇರೆಯೇ ಕಾಣಬಹುದು. ಬಾಗಿಲು ಹಾಕಿ ಪೈಪಿನಲ್ಲಿ ನೀರು ಬಿಡಿ. ಎಲ್ಲಾದರೂ ಸೋರುತ್ತದೆಯೇ ಎಂದು ಒಳಗೆ ಒಬ್ಬ ಕೂತು ನೋಡುತ್ತಿರಲಿ.