ಪೆಟ್ಟಿಗೆಯ ಪಕ್ಕ ನಿಂತು ಕಲಿತದ್ದು

ನಮ್ಮ ಚೌಡಾಪುರದ ಕಡೆ ಜೇನು ಎಂದರೆ ಮೊದಲು ನೆನಪಾಗುವುದು ಹೆಜ್ಜೇನು. ದೊಡ್ಡ ಮರದ ಕೊಂಬೆಗೋ ನೀರಿನ ಟಾಕಿಗೋ ಜೋತುಬಿದ್ದ ಹುಟ್ಟಿನ ಕೆಳಗೆ ಹಾಯುವಾಗ ಉಸಿರು ಬಿಗಿಹಿಡಿಯುವವರು ನಾವು. ಮನೆಯಂಗಳದಲ್ಲೇ ಜೇನು ಸಾಕುವುದನ್ನು ನಾನು ಕಂಡದ್ದು ಶಿರಸಿ ಸೀಮೆಗೆ ಹೋದಾಗ. ಅಡಿಕೆ ತೋಟದಂಚಿಗೆ ಸಾಲಾಗಿ ತುಡುವೆ ಜೇನಿನ ಪೆಟ್ಟಿಗೆಗಳು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು.

"ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅವು ಬರೋ ದಾರಿ ಅದು" ಎಂದು ತೋಟದ ಯಜಮಾನರು ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. ಅತ್ತರು ಹಚ್ಚಿಕೊಂಡು ಹೋಗಬಾರದು, ಕೈ ಬೀಸಬಾರದು. ಕಚ್ಚಿದರೆ ಮುಳ್ಳನ್ನು ಕೂಡಲೇ ಕೆರೆದು ತೆಗೆಯಬೇಕು. ಹುಳ ಹಾರಿಹೋದ ಮೇಲೂ ಮುಳ್ಳಿನ ಚೀಲದಿಂದ ವಿಷ ಇಳಿಯುತ್ತಲೇ ಇರುತ್ತದೆ, ಅದರ ವಾಸನೆ ಉಳಿದ ಹುಳಗಳನ್ನೂ ಕರೆಯುತ್ತದೆ.

ಮೇಲಿನ ಅಂತಸ್ತಿನ ಎರಿಗಳನ್ನಷ್ಟೇ ಯಂತ್ರದಲ್ಲಿ ತಿರುವಿ ಜೇನು ತೆಗೆದು, ಬರಿದಾದ ಎರಿಯನ್ನು ಮತ್ತೆ ಪೆಟ್ಟಿಗೆಗೇ ಇಟ್ಟರು. ಮರಿಗಳಿರುವ ಕೆಳಗಿನ ಅಂತಸ್ತನ್ನು ಮುಟ್ಟಲಿಲ್ಲ.

"ಯಜಮಾನ್ರ, ಕೆಳಗಿಂದು ಯಾಕ ಬಿಟ್ರಿ?"

"ಅಲ್ಲಿರೋ ಜೇನು ಮಳೆಗಾಲಕ್ಕೆ ಅವುಗಳ ಬುತ್ತಿ."

ಹುಟ್ಟನ್ನೇ ಹಿಂಡಿ ಜೇನು ಸುರಿಸಿಕೊಳ್ಳುವುದನ್ನು ನೋಡಿ ಬೆಳೆದ ನನಗೆ ಆ ಮಾತು ನಾಟಿತು. ಅದರ ಹಿಂದೆ ಹಳೆಯ ನಷ್ಟವೊಂದಿದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಮರಿಹುಳಗಳು ಸತ್ತು, ರಾಜ್ಯದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಉಳಿದ ಕುಟುಂಬಗಳಿಂದಲೇ ಜನ ಮತ್ತೆ ಪೆಟ್ಟಿಗೆ ತುಂಬಿಸಿಕೊಂಡರು. ಅಂಥ ನಷ್ಟ ಕಂಡವರಿಗೆ ಹುಳದ ಪಾಲು ಯಾವುದು, ತಮ್ಮ ಪಾಲು ಯಾವುದು ಎಂಬುದು ಸ್ಪಷ್ಟವಿರುತ್ತದೆ.

ಊರಿಗೆ ಬಂದ ಮೇಲೆ ಸೂರ್ಯಕಾಂತಿ ಹೊಲವನ್ನು ನೋಡುವ ರೀತಿಯೇ ಬದಲಾಯಿತು. ತೆನೆಯ ಸಣ್ಣ ಹೂಗಳು ಅಂಚಿನಿಂದ ನಡುವಿನ ಕಡೆಗೆ ದಿನಕ್ಕಿಷ್ಟರಂತೆ ಅರಳುತ್ತವೆ. ಅಷ್ಟೂ ದಿನ ಹುಳ ಬರಬೇಕು. ಬಾರದಿದ್ದರೆ ಜೊಳ್ಳು ಹೆಚ್ಚುತ್ತದೆ. ನಾವು ಗೊಬ್ಬರ, ನೀರಿನ ಲೆಕ್ಕ ಇಡುತ್ತೇವೆ, ಈ ದುಡಿಮೆಗೆ ಲೆಕ್ಕವೇ ಇಲ್ಲ. ತೊಗರಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಆದರೂ ಅದರ ಹಳದಿ ಹೂವಿಗೆ ಹುಳಗಳು ಮುತ್ತುತ್ತವೆ. ಕಾಯಿಕೊರಕಕ್ಕೆ ನಾವು ಎಣ್ಣೆ ಹೊಡೆಯುವುದೂ ಅದೇ ಹೊತ್ತಿಗೆ. ಎಣ್ಣೆಯನ್ನೇ ಬಿಡಿ ಎಂದು ಸಾಲ ಮಾಡಿ ಬಿತ್ತಿದವನಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳುವುದು ನ್ಯಾಯವೂ ಅಲ್ಲ. ಆದರೆ ಹುಳಗಳು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಬಹುದಲ್ಲ! ಹೂ ಬಿಡುವ ಮುಂಚೆಯೇ ಮುಗಿಯುವ ಕೆಲಸವಿದ್ದರೆ ಇನ್ನೂ ಒಳ್ಳೆಯದು.

ನಮ್ಮ ಬಯಲುಸೀಮೆಯಲ್ಲಿ ಹೂವಿನ ಕಾಲ ನೋಡಿಕೊಂಡು ಪೆಟ್ಟಿಗೆ ಹೊತ್ತು ಬರುವವರಿದ್ದಾರೆ. ಅವರದು ಹೆಚ್ಚಾಗಿ ಮೆಲ್ಲಿಫೆರಾ ಎಂಬ ಜಾತಿಯ ಜೇನುಹುಳ. ಪೆಟ್ಟಿಗೆ ಇಡಲು ಜಾಗ ಕೇಳಿದರೆ ಬಾಡಿಗೆಯ ಮಾತಿಗೂ ಮೊದಲು ಫೋನ್ ನಂಬರು ಇಸಿದುಕೊಳ್ಳಬೇಕು. ಅಕ್ಕಪಕ್ಕದ ಹೊಲದವರು ಎಣ್ಣೆ ಹೊಡೆಯುವ ಹಿಂದಿನ ದಿನವೇ ತಿಳಿಸಿದರೆ, ಪೆಟ್ಟಿಗೆ ಮುಚ್ಚಲೋ ಸಾಗಿಸಲೋ ಪೆಟ್ಟಿಗೆಯವರಿಗೆ ಒಂದು ರಾತ್ರಿ ಸಿಗುತ್ತದೆ.